ಪದ ಬೇಕು: ‘ರಿವೈಂಡ್’, ‘ಫೈಲ್ ಮಾರ್ಕ್’ (ಟೇಪ್ ಡ್ರೈವಿನ ಸೂಚನಾ ಹಾಳೆಗೆ, ನಾಳೆಯೊಳಗೆ)

ಸಾಗರದಿಂದ:
ತಾಳೆಗರಿ ಸ್ಕ್ಯಾನುಗಳನ್ನು ಎಲ್‌ಟಿಒ-5 ಟೇಪಿಗೆ (ದತ್ತಾಂಶ ಕಾದಿಡುವ ಕಾಂತೀಯ ಟೇಪು) ಇಳಿಸುವ ಕೆಲಸ. ಡ್ರೈವಿನ ಪಕ್ಕ ಅಂಟಿಸುವ ಹಾಳೆ ನಾಳೆ ಮಧ್ಯಾಹ್ನ ಲ್ಯಾಮಿನೇಶನ್ನಿಗೆ ಹೋಗಬೇಕು. ಡ್ರೈವ್ ನಡೆಸುವ ‘ಎಂಟಿ’ಯ ಆಜ್ಞೆಗಳು ಇದ್ದಂತೆಯೇ ಇರುತ್ತವೆ, ಎದುರಿನ ವಿವರಣೆ ಮಾತ್ರ ಕನ್ನಡದ್ದು. ಕರಡು ಹೀಗಿದೆ: ‘ಎಂಟಿ ರಿವೈಂಡ್: ಮರುಸುತ್ತು. ಎಫ್‌ಎಸ್‌ಎಫ್ 2: ಎರಡು ಕಡತ ಮುಂದೆ ಹೋಗು. ಡಬ್ಲ್ಯುಇಒಎಫ್: ಕಡತಚಿಹ್ನೆ ಬರೆ. ಆಫ್‌ಲೈನ್: ಹೊರಹಾಕು.’ ತಿದ್ದಿ ಕೊಡಿ.

ಹೊಸನಗರದಿಂದ:
ರಿವೈಂಡಿಗೆ ‘ಹಿಂಸುತ್ತು’. ಹಿಂಜರಿ, ಹಿಂತಿರುಗು ಇರುವಾಗ ಇದಕ್ಕೇನು ಅಡ್ಡಿ? ‘ಟೇಪು’ ಕೂಡ ಬೇಡ, ‘ಲಾಡಿ’ ಎನ್ನಿ. ‘ಕಾಂತಪಟ್ಟಿ’ ಅಂತೂ ಬೇಡವೇ ಬೇಡ. ಅಯಸ್ಕಾಂತದ ತಲೆ ಕಡಿದರೆ ಉಳಿಯುವುದು ಬರೀ ಗಂಡ. ಕಬ್ಬಿಣ ಎಳೆಯುವುದಕ್ಕೆ ನಮ್ಮಲ್ಲಿ ಸೂಜಿಗಲ್ಲು ಇದೆ.

ತೀರ್ಥಹಳ್ಳಿಯಿಂದ:
‘ಹಿಂಸುತ್ತು’ ಓದಿದವನಿಗೆ ಮೊದಲು ಕಾಣುವುದು ಹಿಂಸೆ. ಲಾಡಿ ಚಡ್ಡಿಗಿರಲಿ. ಅಷ್ಟಕ್ಕೂ ಲಕಾರದಿಂದ ಶುರುವಾಗುವ ಅಚ್ಚ ದ್ರಾವಿಡ ಪದ ಎಲ್ಲಿಂದ ತಂದಿರಿ? ಟೇಪಿನ, ಟೇಪಿಗೆ, ಟೇಪಿನಲ್ಲಿ ಎಂದು ವಿಭಕ್ತಿಗಳೆಲ್ಲ ಹತ್ತಿ ಕೂತಿವೆ, ದರ್ಜಿಯ ಕೊರಳಲ್ಲೂ ಅದೇ ನೇತಾಡುತ್ತಿದೆ. ಬಿಡಿ.

ಶಿವಮೊಗ್ಗದಿಂದ:
ಪದಕ್ಕಿಂತ ಮೊದಲು ಕೆಲಸ ನೋಡಿ. ‘ಮರುಸುತ್ತು’ ಎಂದರೆ ಇನ್ನೊಮ್ಮೆ ಸುತ್ತುವುದು, ಮರುಮತದಾನ ಇದ್ದ ಹಾಗೆ. ಆ ಅರ್ಥಕ್ಕೆ ‘ರಿಟೆನ್ಷನ್’ ಎಂಬ ಬೇರೆ ಆಜ್ಞೆಯೇ ಇದೆ: ಟೇಪನ್ನು ಕೊನೆತನಕ ಓಡಿಸಿ ಮತ್ತೆ ಮೊದಲಿಗೆ ತರುತ್ತದೆ. ಆ ಪದ ಅದಕ್ಕಿರಲಿ, ರಿವೈಂಡಿಗೆ ‘ಮೊದಲಿಗೆ ಸುತ್ತು’ ಸಾಕು.

ಕರಡಿನಲ್ಲಿ ದೊಡ್ಡ ಲೋಪ ಬೇರೆ ಇದೆ. ಎಸ್‌ಟಿ0, ಎನ್‌ಎಸ್‌ಟಿ0 ಎರಡೂ ಲಿನಕ್ಸಿನಲ್ಲಿ ಒಂದೇ ಡ್ರೈವಿನ ಹೆಸರುಗಳು. ಎಸ್‌ಟಿ0 ಹೆಸರಿನಲ್ಲಿ ಕೊಟ್ಟ ಆಜ್ಞೆ ಮುಗಿದು ಅದನ್ನು ಮುಚ್ಚಿದ ಕೂಡಲೇ ಟೇಪು ಮೊದಲಿಗೆ ಸುತ್ತಿಕೊಳ್ಳುತ್ತದೆ. ಅದರ ಮೇಲೆ ಎರಡು ಸಲ ಟಾರ್ (ಹಲವು ಫೈಲುಗಳ ಒಂದೇ ಕಟ್ಟು) ಬರೆದರೆ ಎರಡನೆಯದು ಮೊದಲನೆಯದರ ಮೇಲೆ ಕೂರುತ್ತದೆ. ಚಿಕ್ಕದನ್ನು ಬರೆದೆ, ಹಿಂದಿನದರ ಬಾಲವಾದರೂ ಉಳಿದೀತು ಎನ್ನಬೇಡಿ. ದತ್ತಾಂಶದ ಕೊನೆ ಅಲ್ಲಿಗೇ ಸರಿಯುತ್ತದೆ, ಆಚೆಗಿನದನ್ನು ಡ್ರೈವ್ ಓದುವುದಿಲ್ಲ. ಎಸ್‌ಟಿ0 ಮೇಲೆ ಎಫ್‌ಎಸ್‌ಎಫ್ ಕೊಟ್ಟರೂ ವ್ಯರ್ಥ: ಮುಂದೆ ಹೋಗಿ, ಮುಚ್ಚುವಾಗ ಮೊದಲಿಗೇ ಬರುತ್ತದೆ. ಹಾಳೆಯ ತಲೆಯಲ್ಲೇ ದಪ್ಪಕ್ಷರದಲ್ಲಿ ಹಾಕಿ: ‘ಎನ್‌ಎಸ್‌ಟಿ0 ನಿಂತಲ್ಲೇ ನಿಲ್ಲುತ್ತದೆ, ಎಸ್‌ಟಿ0 ಮೊದಲಿಗೆ ಓಡುತ್ತದೆ.’

ಹೊಸ ಬ್ಯಾಕಪ್ ಸೇರಿಸುವ ಮುನ್ನ ‘ಎಂಟಿ -ಎಫ್ /ಡೆವ್/ಎನ್‌ಎಸ್‌ಟಿ0 ಇಒಡಿ’ ಕೊಟ್ಟು ಕೊನೆಗೆ ಹೋಗಬೇಕು, ಆಮೇಲೆ ‘ಸ್ಟೇಟಸ್’ ಕೊಟ್ಟು ಫೈಲ್ ಸಂಖ್ಯೆ ನೋಡಬೇಕು. ಎಣಿಕೆ 0ಯಿಂದ, ಹಾಗಾಗಿ ‘ಎಎಸ್‌ಎಫ್ 3’ (3ನೆಯ ಸಂಖ್ಯೆಯ ಫೈಲಿಗೆ ಹೋಗು) ಎಂದರೆ ನಾಲ್ಕನೆಯದು.

ಕೊಪ್ಪದಿಂದ:
‘ಕಡತ’ ಯಾರ ಸೂಚನೆ? ಕಡತ ಎಂದರೆ ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಬಳಪದಲ್ಲಿ ಬರೆಯುತ್ತಿದ್ದದ್ದು. ಶೃಂಗೇರಿ ಮಠದ ಕಡತಗಳನ್ನು ನೋಡಿ. ಮಡಿಸುವಂಥದ್ದು, ಸುತ್ತುವಂಥದ್ದಲ್ಲ.

ಶಿವಮೊಗ್ಗದಿಂದ:
ವ್ಯುತ್ಪತ್ತಿ ಹಾಗಿರಲಿ, ‘ಕಡತ’ ಬೇರೆ ಕಾರಣಕ್ಕೆ ಇಲ್ಲಿ ಕೂರದು. ಟೇಪಿನಲ್ಲಿ ‘ಫೈಲ್’ ಅಂದರೆ ಎರಡು ಫೈಲ್ ಮಾರ್ಕುಗಳ ನಡುವಿನದ್ದೆಲ್ಲ. ಒಂದೇ ಟಾರ್ ಒಳಗೆ ಸಾವಿರ ಚಿತ್ರ ಇದ್ದರೂ ಟೇಪಿಗೆ ಅದು ಒಂದೇ. ‘ಎರಡು ಕಡತ ಮುಂದೆ’ ಎಂದು ಓದಿದವನು ಎರಡು ಚಿತ್ರ ದಾಟಿದೆ ಅಂದುಕೊಳ್ಳುತ್ತಾನೆ. ‘ಕಂತು’ ಎನ್ನಿ. ಮಾರ್ಕಿಗೆ ‘ಬದು’: ಗದ್ದೆ ಗದ್ದೆ ನಡುವಿನ ಬದು. ಹಿಂದೆ ಹೋಗುವ ಆಜ್ಞೆ ಬಿಎಸ್‌ಎಫ್ 1 ಹಿಂದಿನ ಬದು ದಾಟಿ ಆಚೆ ಗದ್ದೆಯ ತುದಿಯಲ್ಲಿ ನಿಲ್ಲುತ್ತದೆ, ಈಚೆ ಗದ್ದೆಯ ತಲೆಗೆ ಬರಲು ಮತ್ತೆ ಎಫ್‌ಎಸ್‌ಎಫ್ 1 ಬೇಕು. ಎರಡನ್ನೂ ಸೇರಿಸಿ ಮಾಡುವುದು ಬಿಎಸ್‌ಎಫ್‌ಎಂ 1. ‘ಹಿಂದೆ ಹೋಗು’ ಎಂದಷ್ಟೇ ಬರೆದರೆ ಇದು ತಿಳಿಯದು. 0ನೆಯ ಕಂತಿನಲ್ಲಿ ಮಾತ್ರ ದಾಟಲು ಬದುವೇ ಇಲ್ಲ, ರಿವೈಂಡೇ ಗತಿ.

ಡಬ್ಲ್ಯುಇಒಎಫ್ ಸಾಲು ತೆಗೆಯಿರಿ. ಬರೆದು ಮುಚ್ಚುವಾಗ ಲಿನಕ್ಸ್ ಚಾಲಕವೇ ಬದು ಹಾಕುತ್ತದೆ. ಕೈಯಿಂದ ಇನ್ನೊಂದು ಹಾಕಿದರೆ ನಡುವೆ ಖಾಲಿ ಕಂತು ಹುಟ್ಟಿ ಯಾವ ಕಂತು ಎಲ್ಲಿದೆ ಎಂದು ಬರೆದಿಡುವ ನಿಮ್ಮ ರಿಜಿಸ್ಟರಿನ ಎಣಿಕೆ ಒಂದು ತಪ್ಪುತ್ತದೆ.

ಹೊಸನಗರದಿಂದ:
ಬದು, ಕಂತು ಒಪ್ಪಿದೆ. ‘ರಿಜಿಸ್ಟರ್’ ಯಾಕೆ? ಹೀಗೆ ಒಂದೊಂದೇ ಬಿಟ್ಟುಕೊಟ್ಟೇ ಕನ್ನಡ ಇಲ್ಲಿಗೆ ಬಂದು ನಿಂತದ್ದು.

ತೀರ್ಥಹಳ್ಳಿಯಿಂದ:
ಕಾಗದ, ಕಚೇರಿ, ಜಮೀನು, ಖಾತೆ ಎಲ್ಲ ವಾಪಸು ಕೊಟ್ಟು ಬನ್ನಿ, ಆಮೇಲೆ ರಿಜಿಸ್ಟರ್ ಮಾತು. ‘ವಾಪಸು’ ಸೇರಿಸಿ.

ಸಾಗರದಿಂದ:
ಲ್ಯಾಮಿನೇಶನ್ನಿಗೆ ಕಳಿಸುತ್ತಿರುವುದು: ‘ರಿವೈಂಡ್: ಮೊದಲಿಗೆ ಸುತ್ತು. ಎಫ್‌ಎಸ್‌ಎಫ್ 2: ಎರಡು ಬದು ದಾಟಿ ಕಂತಿನ ತಲೆಗೆ. ಬಿಎಸ್‌ಎಫ್‌ಎಂ 1: ಈ ಕಂತಿನ ತಲೆಗೆ. ಇಒಡಿ: ಬರೆದದ್ದರ ಕೊನೆಗೆ. ಆಫ್‌ಲೈನ್: ಸುತ್ತಿ ಹೊರಗೆ ಕೊಡು.’ ಎಸ್‌ಟಿ0 ಎಚ್ಚರಿಕೆ ಮೇಲೆ, ಕೆಂಪಿನಲ್ಲಿ. ಕೆಳಗೆ ಒಂದು ಸಾಲು ಜಾಗ ಉಳಿದಿದೆ.

ಶಿವಮೊಗ್ಗದಿಂದ:
ಆ ಸಾಲಿಗೆ ಮಳೆಗಾಲ ಹಾಕಿ. ಬಹುಕಾಲ ಇಡುವ ಟೇಪಿಗೆ ಬೇಕಾದ ತೇವ ಶೇ. 20ರಿಂದ 50, ನಮ್ಮ ಆಷಾಢದ ಕೋಣೆ ಅದಕ್ಕೆ ಒಗ್ಗದು. ‘ಥಂಡಿ ಜಾಗದಿಂದ ತಂದ ಟೇಪನ್ನು 24 ಗಂಟೆ ಈ ಕೋಣೆಗೆ ಒಗ್ಗಲು ಬಿಟ್ಟು ಆಮೇಲೆ ಹಾಕಿ.’

ಕೊಪ್ಪದಿಂದ:
‘ಥಂಡಿ’ ಹಿಂದಿ.