ಮಗಳ ಪಿಯಾನೊ ಅಭ್ಯಾಸಕ್ಕೆ ಮನೆಯಲ್ಲಿ ಹೇಗೆ ನೆರವಾಗಲಿ?

ಪ್ರಶ್ನೆ (ಕದ್ರಿಯ ತಾಯಿ):
ಎಂಟು ವರ್ಷದ ನನ್ನ ಮಗಳು ಆರು ತಿಂಗಳಿಂದ ಪಿಯಾನೊ ಕಲಿಯುತ್ತಿದ್ದಾಳೆ. ತರಗತಿಯಲ್ಲಿ ಉತ್ಸಾಹದಿಂದ ನುಡಿಸುವವಳು ಮನೆಯಲ್ಲಿ 61 ಕೀಗಳ ಕೀಬೋರ್ಡಿನ ಮುಂದೆ ಕುಳಿತರೆ, ಎಡಗೈ ತಪ್ಪಿದ ಕೂಡಲೇ ಮತ್ತೆ ಮೊದಲಿನಿಂದ ಆರಂಭಿಸಿ, ಕೊನೆಗೆ ಅಳುತ್ತಾ ಎದ್ದುಬಿಡುತ್ತಾಳೆ. ನನಗೆ ಸಂಗೀತ ಬಾರದು. ಏನು ಮಾಡಲಿ?

ಉತ್ತರ (ಉಡುಪಿಯ ಶಿಕ್ಷಕಿ):
ನಿಮಗೆ ಸಂಗೀತ ಬಾರದಿರುವುದು ಅಡ್ಡಿಯಲ್ಲ. ಪ್ರತಿಸಲವೂ ಮೊದಲಿನಿಂದ ಆರಂಭಿಸಿದರೆ ಮೊದಲ ಸಾಲಷ್ಟೇ ಪಳಗುತ್ತದೆ, ತಪ್ಪುವ ಜಾಗ ಹಾಗೆಯೇ ಉಳಿಯುತ್ತದೆ. ತಪ್ಪುವ ಆ ಜಾಗದ ಎರಡು ಬಾರ್‌ಗಳನ್ನು (ಸ್ವರಲಿಪಿಯಲ್ಲಿ ಎರಡು ಅಡ್ಡಗೆರೆಗಳ ನಡುವಿನ ಚಿಕ್ಕ ಭಾಗಗಳನ್ನು) ಪೆನ್ಸಿಲಿನಿಂದ ಗುರುತಿಸಿ, ಮೊದಲು ಎಡಗೈ, ಅನಂತರ ಬಲಗೈ, ಆಮೇಲೆ ಎರಡೂ ಸೇರಿಸಿ, ಲಯ ಎಣಿಸುವ ಸಾಧನವಾದ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ನಿಧಾನವಾಗಿ ನುಡಿಸಲಿ. ದಿನಕ್ಕೆ 15 ನಿಮಿಷ ಸಾಕು. ಭಾನುವಾರ ಒಂದೇ ಸಲ ಎರಡು ಗಂಟೆ ಕೂರಿಸುವುದು ದಯವಿಟ್ಟು ಬೇಡ. ನೀವು ಪಕ್ಕದಲ್ಲಿ ಕುಳಿತು ಕೇಳಿ, ತಿದ್ದಬೇಡಿ.

ಉತ್ತರ (ಬೆಂದೂರಿನ ತಂದೆ):
ಪಿಯಾನೊದ 88 ಕೀಗಳಲ್ಲಿ, ಸುತ್ತಿಗೆಯನ್ನು ತಂತಿಯತ್ತ ಎತ್ತುವ ಭಾರ ಬೆರಳಿಗೆ ತಿಳಿಯುತ್ತದೆ. ಕೀಬೋರ್ಡಿನ ಹಗುರ ಕೀಗಳಲ್ಲಿ ಅದು ಸಿಗದು. ಮುಂದೆ ಭಾರದ ಕೀಗಳಿರುವ ಡಿಜಿಟಲ್ ಪಿಯಾನೊ ಕೊಳ್ಳಿರಿ. ನಾವು ತಂದ ಹಳೆಯ ಮರದ ಪಿಯಾನೊ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಉಬ್ಬಿ, ಶ್ರುತಿ ಕದಲಿ, ಮೂರು ಕೀಗಳು ಒತ್ತಿದಲ್ಲೇ ನಿಂತವು.

ಕದ್ರಿಯ ತಾಯಿ:
ಧನ್ಯವಾದಗಳು. ಇಂದು ಸಂಜೆ ಎರಡು ಬಾರ್‌ಗಳನ್ನಷ್ಟೇ ನುಡಿಸಿದಳು, ಅಳಲಿಲ್ಲ.