ಅಪ್‌ಡೇಟ್: ಟಿಹುವಾನಾ ಹೋಗಿ ಬಂದ್ವಿ, ಊಟದ ಕಥೆ

ಅಮೆರಿಕದ ಸ್ಯಾನ್ ಡಿಯಾಗೋದಿಂದ ಒಂದಿನಕ್ಕೆ ಬಾರ್ಡರ್ ಆಚೆ ಮೆಕ್ಸಿಕೋದ ಟಿಹುವಾನಾಗೆ ಹೋದ್ರೆ ಎಲ್ಲಿ ತಿನ್ನೋದು, ಜೊತೆಗೆ ಒಬ್ಳು ಪ್ಯೂರ್ ವೆಜ್ ಫ್ರೆಂಡ್ ಇದಾಳೆ ಅಂತ ಕೇಳಿದ್ನಲ್ಲ, ಹೋಗಿ ಬಂದ್ವಿ. ಅಮೆರಿಕ ಕಡೆ ಬಾರ್ಡರ್ ಪಕ್ಕದಲ್ಲಿರೋ ಸ್ಯಾನ್ ಇಸಿಡ್ರೋದಲ್ಲಿ ಕಾರ್ ಬಿಟ್ಟು ನಡ್ಕೊಂಡೇ ಬಾರ್ಡರ್ ದಾಟಿದ್ವಿ, ಅದೇ ಬೆಸ್ಟ್.

ಮೊದ್ಲು ಅವೆನಿಡಾ ರೆವಲೂಸಿಯೋನ್ ರಸ್ತೆಯಲ್ಲಿರೋ ಸೀಸರ್ಸ್ ರೆಸ್ಟೋರೆಂಟ್. ಸೀಸರ್ ಸಲಾಡ್ 1924ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ, ಇಟಲಿ ಮೂಲದ ಸೀಸರ್ ಕಾರ್ಡಿನಿ ಹೋಟೆಲ್‌ನಲ್ಲಿ ಅಂತಾರೆ. ಟೇಬಲ್ ಪಕ್ಕಕ್ಕೇ ಬಂದು ದೊಡ್ಡ ಮರದ ಬೋಗುಣಿಯಲ್ಲಿ ಕಲಸಿ ಕೊಡ್ತಾರೆ, ಲೆಟಿಸ್ ಸೊಪ್ಪಿನ ಎಲೆ ಕತ್ತರಿಸಲ್ಲ, ಇಡಿಯಾಗೇ ಬರುತ್ತೆ. ಆದ್ರೆ ಅದಕ್ಕೆ ಆಂಚೊವಿ ಮೀನು ಹಾಕ್ತಾರೆ, ಮೊಟ್ಟೆನೂ ಇರುತ್ತೆ, ಫ್ರೆಂಡ್ ಮುಖ ನೋಡ್ಬೇಕಿತ್ತು ಪಾಪ!

ಸಂಜೆ ಟಾಕೋಸ್ ಎಲ್ ಫ್ರಾಂಕ್ ಅನ್ನೋ ಟಾಕೋ ಅಂಗಡಿಯಲ್ಲಿ ಅಡೋಬಾಡಾ ಟಾಕೋ, ಅಂದ್ರೆ ಕೆಂಪು ಮೆಣಸಿನಕಾಯಿ ಮಸಾಲೆ ಹಚ್ಚಿದ ಹಂದಿ ಮಾಂಸ ಕಂಬಿಗೆ ಚುಚ್ಚಿ ತಿರುಗಿಸ್ತಾ ಬೇಯಿಸಿ, ಹೆರೆದು, ಜೋಳದ ರೊಟ್ಟಿಗೆ ಹಾಕಿ, ಮೇಲೆ ಗ್ವಾಕಮೋಲೆ (ಬೆಣ್ಣೆಹಣ್ಣಿನ ಚಟ್ನಿ) ಸುರೀತಾರೆ, ನಾಕು ತಿಂದೆ, ಇನ್ನೆರಡು ತಿನ್ಬೇಕಿತ್ತು ಅಂತ ಈಗ್ಲೂ ಅನ್ಸುತ್ತೆ. ವೆಜ್‌ನವ್ರು ನೊಪಾಲೆಸ್ ಅಂದ್ರೆ ಪಾಪಸ್‌ಕಳ್ಳಿ ಪಲ್ಯದ ಕೆಸಡಿಯಾ (ಚೀಸ್ ಇಟ್ಟು ಮಡಚಿದ ರೊಟ್ಟಿ) ಕೇಳಿ, ಬೀನ್ಸ್ ತಗೊಳೋ ಮುಂಚೆ 'ಸಿನ್ ಮಾಂತೆಕಾ?' (ಹಂದಿ ಕೊಬ್ಬು ಇಲ್ದೇ ಇರೋದಾ?) ಅನ್ನಿ, ಹಂದಿ ಕೊಬ್ಬು ಹಾಕಿರ್ತಾರೆ ಎಷ್ಟೋ ಕಡೆ.

ಮೆರ್ಕಾಡೋ ಇದಾಲ್ಗೋ ಮಾರ್ಕೆಟ್‌ನಲ್ಲಿ ಖಾರ ಹಚ್ಚಿದ ಹುಣಸೆಹಣ್ಣಿನ ಕ್ಯಾಂಡಿ ಸಿಕ್ತು, ಸ್ಕೂಲ್ ಮುಂದೆ ಮಾರೋ ಹುಣಸೆ ಚಿಗಳಿನೇ ಅನ್ಕೊಳ್ಳಿ. ಬಾರ್ಡರ್‌ನಲ್ಲಿ ವಾಪಸ್ ಬರೋ ಲೈನ್ ಮಾತ್ರ ಎರಡು ಗಂಟೆ, ಕ್ಯಾಂಡಿ ಅಲ್ಲೇ ಖಾಲಿ.