ಮಗು ಒಳಗೆ, ನಾವು ಹೊರಗೆ: ಎನ್‌ಐಸಿಯು ದಿನಗಳನ್ನು ದಾಟಿದ್ದು ಹೇಗೆ?

ಕೇಳಿದವರು: ದಾವಣಗೆರೆ ಕಡೆಯ ಒಬ್ಬ ಹೊಸ ತಂದೆ

ನನ್ನ ಹೆಂಡತಿಗೆ ಬಿಪಿ ಜಾಸ್ತಿಯಾಗಿ 31 ವಾರಕ್ಕೇ ಸಿಸೇರಿಯನ್ ಮಾಡಿದರು. ಹೆಣ್ಣು ಮಗು, 1.4 ಕೆಜಿ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇಟ್ಟಿದ್ದಾರೆ, ಉಸಿರಾಟಕ್ಕೆ ಸಹಾಯವಾಗಲಿ ಅಂತ ಒತ್ತಡದಲ್ಲಿ ಗಾಳಿ ಬಿಡುವ ಸಿಪ್ಯಾಪ್ ಅನ್ನು ಮೂಗಿಗೆ ಹಾಕಿದ್ದಾರೆ. ಹೆಂಡತಿ ಬೇರೆ ವಾರ್ಡಿನಲ್ಲಿದ್ದಾಳೆ. ಅಳು ನಿಲ್ಲುತ್ತಿಲ್ಲ, ಹಾಲೂ ಸರಿಯಾಗಿ ಬರುತ್ತಿಲ್ಲ. ಡಾಕ್ಟರು ಹೇಳಿದ್ದು ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಮನೆಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇದನ್ನು ದಾಟಿ ಬಂದವರು ಇದ್ದರೆ ದಯವಿಟ್ಟು ಹೇಳಿ, ನಾವೀಗ ಏನು ಮಾಡಬೇಕು?

ಚಿತ್ರದುರ್ಗದ ತಾಯಿ (ಮಗಳು 30 ವಾರಕ್ಕೆ ಹುಟ್ಟಿದವಳು, ಈಗ ಎರಡನೇ ಕ್ಲಾಸು)

ಅಣ್ಣಾ, ಮೊದಲು ಹಾಲಿನ ವಿಷಯ ಹೇಳಿಬಿಡುತ್ತೇನೆ. ಉಳಿದದ್ದು ನಾಳೆ ಮಾಡಿದರೂ ನಡೆಯುತ್ತದೆ, ಇದು ನಡೆಯುವುದಿಲ್ಲ.

ದಿನ ತುಂಬದೆ ಹೆರಿಗೆಯಾದ ತಾಯಿಗೆ ಮೊದಲ ದಿನ ಹಾಲು ಹನಿ ಲೆಕ್ಕದಲ್ಲೇ ಬರುವುದು. ಅದು ಸಹಜ. ಆ ಹನಿಗಳೇ ಮಗುವಿಗೆ ಬೇಕಾಗಿರುವುದು. ಹಳದಿ ಬಣ್ಣದ ಆ ಗಟ್ಟಿ ಹಾಲನ್ನು ಯಾರಾದರೂ ಚೆಲ್ಲಿ ಅಂದರೆ ದಯವಿಟ್ಟು ಚೆಲ್ಲಬೇಡಿ. ನಮ್ಮ ನರ್ಸಮ್ಮ ಅದನ್ನು ಸೂಜಿ ಇಲ್ಲದ ಸಿರಿಂಜಿಗೆ ಎಳೆದುಕೊಂಡರು. ಸಿರಿಂಜಿನ ಮೂತಿಯಲ್ಲಿ ನಿಂತಷ್ಟೇ ಹಾಲು. ಅದನ್ನು ಮಗುವಿನ ಕೆನ್ನೆಯ ಒಳಗೆ ಸವರಿದರು. ಅವಳ ನಾಲಿಗೆ ಅಲ್ಲಾಡಿತು! ನಾನು ಅಳು ನಿಲ್ಲಿಸಿದ್ದು ಆಗಲೇ. ನನ್ನಿಂದಲೂ ಏನೋ ಆಗುತ್ತದೆ ಅನ್ನುವುದು ಗೊತ್ತಾಯಿತಲ್ಲ.

ಕೈಯಲ್ಲಿ ಹಿಂಡುವುದನ್ನು ನರ್ಸ್ ಹತ್ತಿರ ಇವತ್ತೇ ಕಲಿಯಲಿ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಕಪ್ಪು ಭಾಗದಿಂದ ಸ್ವಲ್ಪ ಹಿಂದೆ ಇಟ್ಟು ಮೊದಲು ಎದೆಯ ಕಡೆಗೆ ಒತ್ತಬೇಕು, ಆಮೇಲೆ ಹಿಂಡಬೇಕು. ತೊಟ್ಟನ್ನು ಹಿಡಿದು ಎಳೆಯಬಾರದು, ನೋವೇ ಹೊರತು ಹಾಲು ಬರುವುದಿಲ್ಲ. ಎರಡು ಮೂರು ಗಂಟೆಗೊಮ್ಮೆ ತೆಗೆಯಬೇಕು, ದಿನಕ್ಕೆ 8 ಸಲವಾದರೂ. ರಾತ್ರಿ ಒಂದು ಸಲವಂತೂ ಬಿಡುವ ಹಾಗಿಲ್ಲ. ಖಾಲಿಯಾದಷ್ಟೂ ಎದೆ ತುಂಬುತ್ತದೆ. ಮಗುವಿನ ಫೋಟೋ ನೋಡುತ್ತಾ, ಮಗುವಿಗೆ ಹೊದಿಸಿದ್ದ ಬಟ್ಟೆ ಹತ್ತಿರ ಇಟ್ಟುಕೊಂಡು ಹಿಂಡಿದರೆ ಹಾಲು ಸಲೀಸಾಗಿ ಇಳಿಯುತ್ತದೆ. ತೆಗೆದ ಹಾಲು ಹೊರಗೆ ನಾಲ್ಕು ಗಂಟೆ ಇರುತ್ತದೆ. ಫ್ರಿಜ್ಜಿನಲ್ಲಿ ಎಷ್ಟು ಹೊತ್ತು ಇಡಬಹುದು ಅಂತ ನಿಮ್ಮ ಎನ್‌ಐಸಿಯುನವರನ್ನೇ ಕೇಳಿ, ಅವರ ನಿಯಮವೇ ನಿಮಗೂ. ಡಬ್ಬಿ ಮೇಲೆ ಹೆಸರು, ತಾರೀಖು, ಗಂಟೆ ಬರೆಯಿರಿ.

31 ವಾರದ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲ. ಅದಕ್ಕೇ ಬಾಯಿಂದ ಹೊಟ್ಟೆಗೆ ಸಣ್ಣ ಟ್ಯೂಬ್ ಹಾಕಿ ಹಾಲು ಬಿಡುತ್ತಾರೆ. 34 ವಾರದ ಹತ್ತಿರ ಬಂದಾಗ ನಿಧಾನಕ್ಕೆ ಕಲಿಯುತ್ತವೆ. ನಮ್ಮವಳು ಟ್ಯೂಬಿನಿಂದ ಒಳಲೆಗೆ, ಒಳಲೆಯಿಂದ ಎದೆಗೆ ಬಂದಳು. ನಮ್ಮಜ್ಜಿ ಮನೆಯ ಬೆಳ್ಳಿ ಒಳಲೆ ಹಿಡಿದುಕೊಂಡು ಆಸ್ಪತ್ರೆಗೇ ಬಂದಿದ್ದರು. ಅಲ್ಲಿ ಇದ್ದದ್ದು ಸ್ಟೀಲಿನದು, ಆಕಾರ ಅದೇ.

ಮೊದಲ ದಿನಗಳಲ್ಲಿ ತೂಕ ಇಳಿಯುತ್ತದೆ, ಎದೆಗುಂದಬೇಡಿ. ಹುಟ್ಟಿದ ತೂಕಕ್ಕೆ ವಾಪಸ್ ಬರಲು ಇಂಥ ಮಕ್ಕಳಿಗೆ ಎರಡು ವಾರ ಹಿಡಿಯಬಹುದು. ಆಮೇಲೆ ದಿನಾ ಹತ್ತು ಇಪ್ಪತ್ತು ಗ್ರಾಂ ಏರಿದ ಸುದ್ದಿಯೇ ಮನೆಗೆಲ್ಲ ಹಬ್ಬ. ನಡುವೆ ಹಿಂದೆ ಸರಿಯುವ ದಿನವೂ ಬರುತ್ತದೆ. ಉಸಿರು ಕ್ಷಣ ನಿಲ್ಲಿಸುತ್ತವೆ, ಕಾಮಾಲೆ ಏರಿ ನೀಲಿ ಲೈಟಿನ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸುತ್ತಾರೆ. ಆ ಪಟ್ಟಿ ನೋಡಿ ನನಗೆ ತುಂಬಾ ಗಾಬರಿಯಾಗಿತ್ತು. ಅದು ಬೆಳಕಿನಿಂದ ಕಣ್ಣು ಕಾಯಲಿಕ್ಕೆ ಅಷ್ಟೇ.

ಜಿಲ್ಲಾ ಆಸ್ಪತ್ರೆಯ ಎಸ್‌ಎನ್‌ಸಿಯುನಲ್ಲಿ (ಹುಷಾರಿಲ್ಲದ ನವಜಾತ ಶಿಶುಗಳ ವಿಶೇಷ ಘಟಕ) ಕೆಲಸ ಮಾಡಿ ನಿವೃತ್ತಿಯಾದ ನರ್ಸ್

ಮೇಲಿನ ತಂಗಿ ಹಾಲಿನ ಬಗ್ಗೆ ಸರಿಯಾಗಿ ಹೇಳಿದ್ದಾಳೆ. ನಾನು ಇನ್ನೊಂದು ಔಷಧಿ ಹೇಳುತ್ತೇನೆ, ನಿಮ್ಮ ಮೈಬಿಸಿ.

ಕಾಂಗರೂ ಆರೈಕೆ ಅಂತ ಕೇಳಿರಬಹುದು, ಮಗುವನ್ನು ಬರಿ ಎದೆಗೆ ಒರಗಿಸಿಕೊಂಡು ಬೆಚ್ಚಗಿಡುವುದು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಬಂದಾಗ ಶುರುವಾದದ್ದು. ಹಾಗಂತ ಅದು ಬಡವರ ಪಾಲಿನ ಅರೆಬರೆ ಚಿಕಿತ್ಸೆ ಅಲ್ಲ. ಭಾರತವೂ ಸೇರಿ ಐದು ದೇಶಗಳಲ್ಲಿ 1 ಕೆಜಿಯಿಂದ 1.8 ಕೆಜಿ ಒಳಗಿನ ಮಕ್ಕಳ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಹೊರಬಂತು. ಮಗು ಪೂರ್ತಿ ಚೇತರಿಸಿಕೊಳ್ಳಲಿ ಅಂತ ಕಾಯದೆ, ಹುಟ್ಟಿದ ಕೂಡಲೇ ಎದೆಗೊರಗಿಸಿ ಶುರು ಮಾಡಿದಾಗ ಸಾವು ಶೇಕಡಾ 25ರಷ್ಟು ಕಡಿಮೆಯಾಗಿತ್ತು. ಅದಾದ ಮೇಲೆ 2022ರಲ್ಲಿ ದಿನಕ್ಕೆ 8 ರಿಂದ 24 ಗಂಟೆ ಮಾಡಿ ಅಂತ ಆ ಸಂಸ್ಥೆಯೇ ಹೇಳಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಸರ್ಕಾರ ಸೇರಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೂ ಮಾಡಿಸಿವೆ.

ನಿಮ್ಮ ಮಗುವಿಗೆ ಸಿಪ್ಯಾಪ್ ಇದೆಯಲ್ಲ, ಆದ್ದರಿಂದ ನೀವಾಗಿ ಎತ್ತುವ ಹಾಗಿಲ್ಲ. ಆದರೆ "ಯಾವಾಗ ಶುರು ಮಾಡಬಹುದು ಡಾಕ್ಟ್ರೇ?" ಅಂತ ದಿನಾ ಕೇಳಿ. ಸಿಪ್ಯಾಪ್ ಇದ್ದಾಗಲೂ ಮಗು ಸ್ಥಿರವಾಗಿದ್ದರೆ ಮಾಡಿಸುವ ಕಡೆ ಇದೆ. ಮಗುವಿಗೆ ಟೋಪಿ, ಸಾಕ್ಸು, ಲಂಗೋಟಿ ಮಾತ್ರ. ಬರಿ ಎದೆಯ ಮೇಲೆ ನೆಟ್ಟಗೆ, ಕಾಲು ಕಪ್ಪೆಯ ಹಾಗೆ ಮಡಿಸಿ, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಗಲ್ಲ ಎದೆಗೆ ಒತ್ತದ ಹಾಗೆ ಸ್ವಲ್ಪ ಮೇಲಕ್ಕೆ. ಮೂಗು ಬಾಯಿ ಯಾವಾಗಲೂ ಕಾಣುತ್ತಿರಬೇಕು. ಮೇಲಿಂದ ಬಟ್ಟೆ ಕಟ್ಟಬೇಕು. ಒಂದು ಸಲ ಎತ್ತಿದರೆ ಒಂದು ಗಂಟೆಯಾದರೂ ಇರಲಿ, ಪದೇ ಪದೇ ಎತ್ತಿ ಇಳಿಸಿದರೆ ಮಗು ಸುಸ್ತಾಗುತ್ತದೆ.

ಅಪ್ಪಂದಿರೂ ಮಾಡಬಹುದು. ಎದೆ ಮೇಲೆ ಕೂದಲಿದೆ ಅಂತ ಒಬ್ಬರು ನಾಚಿಕೊಂಡು ನಿಂತಿದ್ದರು. ಅದಕ್ಕೇನಂತೆ, ಶುಚಿಯಾಗಿದ್ದರೆ ಸಾಕು ಅಂದೆ. ಆಮೇಲೆ ಅವರನ್ನು ಕುರ್ಚಿಯಿಂದ ಎಬ್ಬಿಸುವುದೇ ಕಷ್ಟವಾಯಿತು. ಸಿಸೇರಿಯನ್ ಆದ ತಾಯಿ ಏಳಲಾರದ ದಿನಗಳಲ್ಲಿ ಆ ಕುರ್ಚಿ ನಿಮ್ಮದು ಸರ್.

ಮಾನಿಟರ್ ಬಗ್ಗೆ ಒಂದು ಮಾತು. ಕಾಲಿಗೆ ಸುತ್ತಿದ ಕೆಂಪು ಲೈಟಿನ ಪಟ್ಟಿ ಸಡಿಲಾದರೂ ಅಲಾರಂ ಕೂಗುತ್ತದೆ. ನೀವು ನಂಬರ್ ನೋಡುತ್ತಾ ಕೂರಬೇಡಿ, ಮಗುವಿನ ಮುಖ ನೋಡಿ. ನಂಬರ್ ನೋಡಲು ನಾವಿದ್ದೇವೆ. ಒಳಗೆ ಹೋಗುವಾಗ ಉಂಗುರ, ಬಳೆ, ವಾಚು ತೆಗೆದು ಮೊಣಕೈವರೆಗೆ ಸೋಪಿನಲ್ಲಿ ತೊಳೆಯಿರಿ. ನೆಗಡಿ ಇದ್ದವರು ಯಾರೇ ಆಗಲಿ, ಸ್ವಂತ ಅಜ್ಜಿಯೇ ಆಗಲಿ, ಒಳಗೆ ಬೇಡ.

ಹುಬ್ಬಳ್ಳಿಯ ತಂದೆ (ಮಗನಿಗೆ ಹುಟ್ಟಿದಾಗ ಸೋಂಕಾಗಿತ್ತು)

ಡಾಕ್ಟರ ಮಾತು ಅರ್ಧ ತಿಳಿಯುವುದಕ್ಕೆ ಕಾರಣ, ರೌಂಡ್ಸ್ ಟೈಮಿನಲ್ಲಿ ನಮಗೆ ಪ್ರಶ್ನೆಯೇ ನೆನಪಾಗುವುದಿಲ್ಲ. ಒಂದು ನೋಟ್‌ಬುಕ್ ಇಡಿ. ದಿನಾ ಅವೇ ಪ್ರಶ್ನೆ: ಉಸಿರಿಗೆ ಏನು ಸಹಾಯ ಕೊಡುತ್ತಿದ್ದೀರಿ, ನಿನ್ನೆಗಿಂತ ಕಡಿಮೆ ಆಯಿತಾ? ಹಾಲು ಎಷ್ಟು ಎಂಎಲ್, ಅರಗುತ್ತಿದೆಯಾ? ತೂಕ ಎಷ್ಟು? ರಕ್ತದ ರಿಪೋರ್ಟಿನಲ್ಲಿ ಏನಿದೆ? ಇವತ್ತು ಏನಾದರೂ ಬದಲಾಯಿಸುತ್ತಿದ್ದೀರಾ? ಉತ್ತರ ಅಲ್ಲೇ ಬರೆಯಿರಿ. ಮಾತಾಡಲು ಒಬ್ಬರೇ ಹೋಗಿ. ನಮ್ಮ ಮನೆಯಲ್ಲಿ ಮಾವ ಒಂದು ಕೇಳಿ ಬಂದರೆ ಅಣ್ಣ ಇನ್ನೊಂದು ಕೇಳಿ ಬರುತ್ತಿದ್ದರು. ಕೊನೆಗೆ ನನ್ನ ಹೆಂಡತಿಗೆ ಮುಟ್ಟುವಾಗ ಅದು ಮೂರನೆಯದೇ ಏನೋ ಆಗಿರುತ್ತಿತ್ತು.

ನೆಂಟರ ಫೋನಿಗೆ ನಿಮ್ಮ ಅಣ್ಣನನ್ನೋ ಭಾವನನ್ನೋ ನೇಮಿಸಿಬಿಡಿ. ಸಂಜೆ ಒಂದೇ ಮೆಸೇಜು ಹಾಕಲಿ. "ಮಗು ಯಾರ ಥರ ಇದೆ, ಫೋಟೋ ಕಳಿಸಿ" ಅನ್ನುವವರಿಗೆಲ್ಲ ನೀವು ಉತ್ತರ ಕೊಡುತ್ತಾ ಕೂರಬೇಕಿಲ್ಲ.

ದುಡ್ಡಿನ ವಿಷಯ. ಸರ್ಕಾರಿ ಆಸ್ಪತ್ರೆಯಾದರೆ 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹುಷಾರಿಲ್ಲದ ನವಜಾತ ಶಿಶುವಿಗೆ ಔಷಧಿ, ಟೆಸ್ಟು, ರಕ್ತ, ಓಡಾಟದ ವಾಹನ ಎಲ್ಲಾ ಉಚಿತ. ಮೊದಲು 30 ದಿನಕ್ಕೆ ಇದ್ದದ್ದನ್ನು ಆಮೇಲೆ ಒಂದು ವರ್ಷದವರೆಗೆ ವಿಸ್ತರಿಸಿದರು. ಹೊರಗಿಂದ ಔಷಧಿ ತನ್ನಿ ಅಂದರೆ ಈ ಯೋಜನೆಯ ಹೆಸರು ಹೇಳಿ ಮೇಲಿನವರನ್ನು ಕೇಳಿ. ಖಾಸಗಿಯಾದರೆ ಮೊದಲ ದಿನವೇ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕೌಂಟರ್ ಎಲ್ಲಿದೆ ನೋಡಿ, ನವಜಾತ ಶಿಶುವಿನ ಚಿಕಿತ್ಸೆ ಅದರಲ್ಲಿದೆ. ಕಂಪನಿ ಇನ್ಶೂರೆನ್ಸ್ ಇದ್ದರೆ ಎಚ್‌ಆರ್‌ಗೆ ಇವತ್ತೇ ಮೇಲ್ ಹಾಕಿ ಮಗುವನ್ನು ಸೇರಿಸಿ. ಹೆಸರಿಡದೇ ಇದ್ದರೂ ಪರವಾಗಿಲ್ಲ, ಕೈಪಟ್ಟಿಯಲ್ಲಿ "ಬೇಬಿ ಆಫ್" ಅಂತ ತಾಯಿ ಹೆಸರಿರುತ್ತದೆ, ಅದೇ ನಡೆಯುತ್ತದೆ. ದಿನದ ಬಿಲ್ಲನ್ನು ದಿನವೇ ಕೇಳಿ ಪಡೆಯಿರಿ.

ತುಮಕೂರಿನ ಅಜ್ಜಿ (ಮೊಮ್ಮಗಳು ಬರೆದುಕೊಟ್ಟಿದ್ದು)

ನೋಡಪ್ಪಾ, ಮಗೂನ ಡಾಕ್ಟರು ನೋಡಿಕೊಳ್ಳುತ್ತಾರೆ. ಆ ಹುಡುಗಿಯನ್ನು ಯಾರು ನೋಡುತ್ತಿದ್ದಾರೆ? ಅವಳು ಹಸಿ ಬಾಣಂತಿ. ಮಗು ಮಡಿಲಲ್ಲಿ ಇಲ್ಲದ ಬಾಣಂತಿಯನ್ನು ಜನ ಮರೆತುಬಿಡುತ್ತಾರೆ. ಎನ್‌ಐಸಿಯು ಬಾಗಿಲ ಮುಂದೆ ಕಬ್ಬಿಣದ ಬೆಂಚಿನ ಮೇಲೆ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಕೂತವರನ್ನು ನಾನು ಕಂಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಬಾಣಂತನ ಮನೆಯಲ್ಲೇ ಆಗಬೇಕು ಅಂತ ಏನಿಲ್ಲ. ನನ್ನ ಮಗಳಿಗೆ ಆಸ್ಪತ್ರೆಗೇ ಬುತ್ತಿ ಒಯ್ಯುತ್ತಿದ್ದೆ. ಬಿಸಿ ಅನ್ನ, ಮೆಂತ್ಯೆಸೊಪ್ಪಿನ ಸಾರು, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಸುಟ್ಟು ಹಾಕಿದ ತುಪ್ಪ. ಫ್ಲಾಸ್ಕಿನಲ್ಲಿ ಬಿಸಿನೀರು. ಬಾಣಂತಿ ನೀರು ಕುಡಿಯಬಾರದು ಅನ್ನುವ ಮಾತು ಕೇಳಬೇಡಿ, ಹಾಲು ಎಲ್ಲಿಂದ ಬರಬೇಕು? ಹೊಟ್ಟೆ ತುಂಬಾ ಉಣ್ಣಲಿ, ಬಾಯಾರಿದಷ್ಟು ಕುಡಿಯಲಿ. ಬೆನ್ನಿಗೊಂದು ದಿಂಬು ಕೊಡಿ, ಮಧ್ಯಾಹ್ನ ಮಲಗಲು ಬಿಡಿ.

ಹನ್ನೊಂದರ ಶಾಸ್ತ್ರ, ತೊಟ್ಟಿಲು, ಹೆಸರು ಎಲ್ಲವೂ ಕಾಯುತ್ತವೆ. ಮನೆಗೆ ಬಂದ ಮೇಲೆ ಒಳ್ಳೇ ದಿನ ನೋಡಿದರಾಯಿತು. "ನಿನ್ನಿಂದಲೇ ಹೀಗಾಯಿತು, ಅದು ತಿಂದೆ, ಇದು ಎತ್ತಿದೆ" ಅನ್ನುವವರನ್ನು ಅವಳ ಮಂಚದ ಹತ್ತಿರ ಬಿಡಬೇಡ.

ಬೆಂಗಳೂರಿನ ತಾಯಿ (ನನಗೂ ಬಿಪಿಯಿಂದಲೇ ಬೇಗ ಹೆರಿಗೆ)

ಅಜ್ಜಿ ಹೇಳಿದ್ದಕ್ಕೆ ಸೇರಿಸುತ್ತೇನೆ. ಬಿಪಿ ಹೆರಿಗೆಯಾದ ತಕ್ಷಣ ಹೋಗುವುದಿಲ್ಲ, ಹೆರಿಗೆಯಾದ ಮೇಲೂ ಏರಬಹುದು. ತಲೆಸಿಡಿತ, ಕಣ್ಣು ಮಂಜು, ಎದೆಯ ಕೆಳಗೆ ಬಲಗಡೆ ನೋವು, ಉಸಿರು ಕಟ್ಟುವುದು ಇದ್ದರೆ "ಅಳುತ್ತಿದ್ದಾಳೆ, ಅದಕ್ಕೇ ತಲೆನೋವು" ಅಂತ ಸುಮ್ಮನಿರಬೇಡಿ, ಕೂಡಲೇ ಬಿಪಿ ನೋಡಿಸಿ. ಜ್ವರ, ಜಾಸ್ತಿ ರಕ್ತ, ಹೊಲಿಗೆಯಲ್ಲಿ ಕೀವು ಬಂದರೂ ಅಷ್ಟೇ.

ಅಳು ಮೊದಲ ಎರಡು ವಾರ ಬಹಳ ಜನರಿಗೆ ಇರುತ್ತದೆ. ಅದಾದ ಮೇಲೂ ಹೋಗದಿದ್ದರೆ, ನಿದ್ದೆಯೇ ಇಲ್ಲ, ಮಗುವನ್ನು ನೋಡಲೂ ಬೇಡ ಅನ್ನುವ ಹಾಗಾದರೆ ಡಾಕ್ಟರಿಗೆ ಹೇಳಿ. ಬದುಕೇ ಬೇಡ ಅಂದರೆ ಎರಡು ವಾರವೂ ಕಾಯಬೇಡಿ, ಅವತ್ತೇ ಹೇಳಿ. ಮನಸ್ಸಿನ ತೊಂದರೆಗೆ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮಗೂ ಅದೇ ನಂಬರ್, ಅಪ್ಪಂದಿರೂ ಕುಸಿಯುತ್ತಾರೆ.

ಹಾಲು ನಿಜವಾಗಿಯೂ ಸಾಲದಿದ್ದರೆ ದಾನಿ ಹಾಲು ಸಿಗುತ್ತದಾ ಅಂತ ವಿಚಾರಿಸಿ. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ, ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಇದೆ. ಪರಿಚಯದವರ ಹಾಲನ್ನು ಹಾಗೇ ತಂದು ಕೊಡುವುದು ಬೇಡ, ಬ್ಯಾಂಕಿನಲ್ಲಿ ತಾಯಂದಿರ ರಕ್ತಪರೀಕ್ಷೆ ಮಾಡಿ, ಹಾಲನ್ನು ಕಾಯಿಸಿ ಕೊಡುತ್ತಾರೆ.

ಉಡುಪಿಯ ಅವಳಿ ಮಕ್ಕಳ ತಾಯಿ

ಎಲ್ಲರೂ ಒಳಗಿನದ್ದು ಹೇಳಿದರು, ನಾನು ಮನೆಗೆ ಬರುವಾಗಿನದ್ದು ಹೇಳುತ್ತೇನೆ.

ಕಣ್ಣಿನ ಪರೀಕ್ಷೆ ಮರೆಯಲೇಬೇಡಿ. ದಿನ ತುಂಬದೆ ಹುಟ್ಟಿದ ಮಕ್ಕಳ ಕಣ್ಣಿನ ಒಳಪದರದಲ್ಲಿ ರಕ್ತನಾಳ ಅಡ್ಡಾದಿಡ್ಡಿ ಬೆಳೆಯಬಹುದು, ಆರ್‌ಒಪಿ ಅನ್ನುತ್ತಾರೆ. ಹೊರಗಿಂದ ಕಣ್ಣು ಚೆನ್ನಾಗೇ ಕಾಣುತ್ತದೆ, ಒಳಗೆ ದೃಷ್ಟಿಯೇ ಹೋಗಬಹುದು. 34 ವಾರಕ್ಕೆ ಮೊದಲು ಅಥವಾ 2 ಕೆಜಿಗಿಂತ ಕಡಿಮೆ ಇದ್ದು ಹುಟ್ಟಿದ ಮಕ್ಕಳಿಗೆ 30 ದಿನದೊಳಗೆ ಮೊದಲ ಪರೀಕ್ಷೆ ಆಗಬೇಕು. ನಿಮ್ಮ ಮಗು ಎರಡು ಲೆಕ್ಕದಲ್ಲೂ ಬರುತ್ತದೆ. ಬೇಗ ಗೊತ್ತಾದರೆ ಲೇಸರ್ ಮಾಡಿ ಉಳಿಸಿಕೊಳ್ಳಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ ಜಿಲ್ಲೆಗಳ ಎನ್‌ಐಸಿಯುಗಳಿಗೇ ಕ್ಯಾಮೆರಾ ಒಯ್ದು ಈ ಪರೀಕ್ಷೆ ಮಾಡುತ್ತಿದ್ದಾರೆ. ಒಂದು ಸಲ ನೋಡಿ "ಸರಿ ಇದೆ" ಅಂದರೂ ಮುಂದಿನ ತಾರೀಖು ಕೊಟ್ಟಿದ್ದರೆ ಹೋಗಲೇಬೇಕು. ಕಿವಿಯ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ಲಸಿಕೆಯನ್ನು ಹುಟ್ಟಿದ ದಿನದಿಂದ ಲೆಕ್ಕ ಹಾಕುತ್ತಾರೆ. ಕತ್ತು ನಿಲ್ಲುವುದು, ಮಗುಚುವುದು, ಕೂರುವುದನ್ನು ಡಾಕ್ಟರು ಕೊಟ್ಟಿದ್ದ ಹೆರಿಗೆ ತಾರೀಖಿನಿಂದ ಲೆಕ್ಕ ಹಾಕಿ. ಪಕ್ಕದ ಮನೆ ಮಗುವಿನ ಜೊತೆ ಹೋಲಿಸುವುದು ಬೇಡ.

ಮನೆಯಲ್ಲಿ ಜೇನು, ಉರೆಮದ್ದು, ಕಿವಿ ಮೂಗಿಗೆ ಎಣ್ಣೆ, ಸಾಂಬ್ರಾಣಿ ಹೊಗೆ ಯಾವುದೂ ಬೇಡ. ಹೊಗೆ ಈ ಮಕ್ಕಳ ಎದೆಗೆ ತಡೆಯುವುದಿಲ್ಲ. ನಮ್ಮತ್ತೆಗೆ ಬೇಸರವಾಯಿತು, ಡಾಕ್ಟರ ಬಾಯಿಂದಲೇ ಹೇಳಿಸಿದೆವು, ಒಪ್ಪಿದರು. ಎಣ್ಣೆನೀರಿನ ಸ್ನಾನ ಯಾವಾಗ ಅನ್ನುವುದನ್ನೂ ಅವರೇ ಹೇಳಲಿ. ಮಗು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ ಅಥವಾ ಬಿಸಿಯಾದರೆ, ಉಸಿರಾಡುವಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರಾಡುತ್ತಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.

ಡಿಸ್ಚಾರ್ಜ್ ದಿನ ಸರ್ಕಾರಿ ಆಸ್ಪತ್ರೆಯಾದರೆ ಮನೆಗೆ ಬಿಡಲು ನಗು-ಮಗು ವಾಹನ ಕೇಳಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯ ನಂಬರ್ ಈಗಲೇ ತೆಗೆದಿಟ್ಟುಕೊಳ್ಳಿ, ತೂಕ ನೋಡಲು ಮನೆಗೇ ಬರುತ್ತಾರೆ. ಮತ್ತೆ ಇವತ್ತು ಸಂಜೆ ಮಗುವಿನ ತೂಕ ಎಷ್ಟಾಯಿತು ಅಂತ ಇಲ್ಲಿ ಬರೆಯಿರಿ, ನಾವೆಲ್ಲ ನೋಡುತ್ತಿರುತ್ತೇವೆ.